ಕಲ್ಲಿನ ಮೀಸಲಾತಿ

ಮೀಸಲು ಎಂಬ ಮಾತು ನಮಗೆ ಹೊಸದಲ್ಲ. ಊರೊಳಗಿನ ಮನೆಗಳಲ್ಲಿ ದೇವರಿಗೆಂದು ಮೊದಲು ತುಂಬಿಟ್ಟ ನೀರು ಮೀಸಲು, ಎಡೆಗೆಂದು ಎತ್ತಿಟ್ಟ ಹಿಟ್ಟು ಮೀಸಲು. ನಮ್ಮ ನೆರಳು ಬಿದ್ದರೆ ಆ ಮೀಸಲು ಮುರಿಯುತ್ತಿತ್ತು. ಆಮೇಲೆ ನಾವು ಕಾಲೇಜಿನ ಮೆಟ್ಟಿಲು ಹತ್ತಿದೆವು. ನಮ್ಮ ಮನೆಗಳಲ್ಲಿ ಅಲ್ಲಿಯತನಕ ಹೋದ ಮೊದಲ ತಲೆ ನಾವೇ. ಅಲ್ಲಿ ಅದೇ ಮಾತು ಬೈಗುಳವಾಗಿ ಬಂತು. ಹಾಜರಿ ಕೂಗಿದಾಗ ಹಿಂದಿನ ಬೆಂಚಿನಿಂದ ಯಾರೋ 'ಮೀಸಲು ಮಾಲು' ಅಂದರು, ಉಳಿದವರು ನಕ್ಕರು. ಈಗ ಸರಕಾರದ ಕಾಗದದೊಳಗೆ ಮೂರನೇ ಸಲ ಆ ಮಾತನ್ನು ಕಂಡಿದ್ದೇವೆ. ಈ ಸಲ ಮೀಸಲು ದೇವರಿಗಲ್ಲ, ಮನುಷ್ಯರಿಗೂ ಅಲ್ಲ. ಕಲ್ಲಿಗೆ.

1957ರ ಗಣಿ ಮತ್ತು ಖನಿಜ ಕಾಯ್ದೆಗೆ 1986ರ ತಿದ್ದುಪಡಿ 17ಎ ಎಂಬ ಕಲಮು ಸೇರಿಸಿತು. ಖನಿಜವನ್ನು ಉಳಿಸಬೇಕು ಅನ್ನಿಸಿದರೆ ಕೇಂದ್ರ ಸರಕಾರ ರಾಜ್ಯದ ಜೊತೆ ಸಮಾಲೋಚಿಸಿ ಒಂದು ಪ್ರದೇಶವನ್ನು ಗಣಿಯ ಅರ್ಜಿಗಳಿಗೆ ಸಿಗದಂತೆ ಕಾಯ್ದಿಡಬಹುದು. ಆದರೆ ಆ ನೆಲ ಆಗಲೇ ಯಾರದೋ ಲೀಜಿನಲ್ಲಿ ಇರಬಾರದು. ಅಂದ್ರ, ಮೊದಲು ಬಂದು ಕುಂತವನನ್ನು ಈ ಕಲಮು ಎಬ್ಬಿಸುವುದಿಲ್ಲ. ಈ ದೇಶದಲ್ಲಿ ಮೊದಲು ಬಂದು ಕುಂತವರು ಯಾರು ಅನ್ನುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಇವತ್ತು ಹಸಿದವರು ಇರುವಾಗ, ನಾಳೆ ಹುಟ್ಟುವವರಿಗೆಂದು ನೆಲದೊಳಗಿನ ಸಂಪತ್ತನ್ನು ಎತ್ತಿಡುವುದು ನ್ಯಾಯವೆ?

ಮುಧೋಳ ತಾಲೂಕಿನ ಲೋಕಾಪುರದ ಸುತ್ತ ಸುಣ್ಣದ ಕಲ್ಲಿದೆ, ಡಾಲೊಮೈಟ್ ಇದೆ. ಭೂವಿಜ್ಞಾನಿಗಳು ಕಲಾದಗಿ ಶಿಲೆಗಳೆಂದು ಕರೆಯುವ ಇವುಗಳ ವಯಸ್ಸು ನೂರು ಕೋಟಿ ವರ್ಷಕ್ಕೂ ಮಿಕ್ಕಿದ್ದು. ಜಮಖಂಡಿಯ ಕಬ್ಬು ಕಡಿದರೆ ಕುಳೆ ಬರುತ್ತದೆ. ಬನಹಟ್ಟಿಯ ಮಗ್ಗದಿಂದ ಒಂದು ಸೀರೆ ಇಳಿದರೆ ಇನ್ನೊಂದಕ್ಕೆ ನೂಲು ಏರುತ್ತದೆ. ಕಲ್ಲಿಗೆ ಕುಳೆ ಇಲ್ಲ. ತೆಗೆದ ಜಾಗದಲ್ಲಿ ಉಳಿಯುವುದು ಗುಂಡಿ, ಮಳೆಗಾಲದಲ್ಲಿ ಅದರೊಳಗೆ ಹಸಿರು ನೀರು. ನಮ್ಮವರು ಖಣಿಯಲ್ಲಿ ಕಲ್ಲು ಒಡೆದವರು, ಖಡಿ ಹೊತ್ತವರು, ಸುಣ್ಣದ ಭಟ್ಟಿಯ ಮುಂದೆ ಕಣ್ಣು ಕೆಂಪು ಮಾಡಿಕೊಂಡವರು. ಸುತ್ತಿಗೆ ನಮ್ಮ ಕೈಯಲ್ಲಿತ್ತು, ಉತಾರದಲ್ಲಿ ಹೆಸರು ಬೇರೆಯವರದಿತ್ತು.

ಉತಾರದ ಮಾತು ಸಣ್ಣದಲ್ಲ. 2013ರ ಜುಲೈನಲ್ಲಿ, ಕೇರಳದ ಮಲಬಾರಿನಿಂದ ಬಂದ ಪ್ರಕರಣವೊಂದರಲ್ಲಿ, ಕಾನೂನು ಬೇರೆ ರೀತಿ ಹೇಳದಿದ್ದರೆ ನೆಲದ ಒಡೆಯನಿಗೇ ಅದರ ಕೆಳಗಿನ ಖನಿಜವೂ ಸೇರುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಿತು. ಹೊಲ ಇದ್ದವನ ಆಸ್ತಿ ಹೀಗೆ ಪಾತಾಳದ ತನಕ ಇಳಿಯಿತು. ಹೊಲ ಇಲ್ಲದವನದು? ಅವನಿಗೆ ಇರುವುದು ಗಾಯರಾಣ, ಗುಡ್ಡ, ಹಳ್ಳದ ದಂಡೆ. ಆಡು ಮೇಯಿಸಿದ್ದು ಅಲ್ಲಿ, ಕಟಗಿ ಆರಿಸಿದ್ದು ಅಲ್ಲಿ, ಸತ್ತವರನ್ನು ಹೂಳಿದ್ದೂ ಎಷ್ಟೋ ಊರುಗಳಲ್ಲಿ ಅಲ್ಲೇ. ಯಾರದೂ ಅಲ್ಲದ ಆ ನೆಲವೇ ಭೂಹೀನರ ಪಿತ್ರಾರ್ಜಿತ. ಅದನ್ನು ಒಬ್ಬನ ಹೆಸರಿಗೆ ಲೀಜ್ ಬರೆದುಕೊಡುವುದೆಂದರೆ ಕೇರಿಯ ಆಸ್ತಿಯನ್ನು ಕೇರಿಯವರ ಹೆಬ್ಬೆಟ್ಟಿಲ್ಲದೆ ಮಾರಿದ ಹಾಗೆ.

ಮೀಸಲು ತೆಗೆದರೆ ಏನಾಗುತ್ತದೆ ಅನ್ನುವುದಕ್ಕೆ ಬಳ್ಳಾರಿಯ ಕಡೆ ನೋಡಬೇಕು. ಸರಕಾರವೇ ಗಣಿ ಮಾಡಲಿ ಎಂದು ಕರ್ನಾಟಕದಲ್ಲಿ ಕಾಯ್ದಿಟ್ಟಿದ್ದ 11,620 ಚದರ ಕಿಲೋಮೀಟರ್ ನೆಲವನ್ನು 2003ರ ಮಾರ್ಚ್ 15ರ ಒಂದು ಅಧಿಸೂಚನೆ ಖಾಸಗಿಯವರಿಗೆ ತೆರೆಯಿತು. ನಮ್ಮ ಇಡೀ ಬಾಗಲಕೋಟೆ ಜಿಲ್ಲೆ 6,500 ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ನಮ್ಮ ಒಂದೊಂದು ಸೀಟಿಗೆ 'ಅರ್ಹತೆ, ಅರ್ಹತೆ' ಎಂದು ಬಾಯಿ ಬಡಿದುಕೊಳ್ಳುವವರು ಆ ದಿನ ಯಾರ ಅರ್ಹತೆಯನ್ನೂ ಕೇಳಲಿಲ್ಲ. ಚೀನಾದಲ್ಲಿ ಅದಿರಿಗೆ ಬೆಲೆ ಏರಿತ್ತು, ಅದೊಂದೇ ಅರ್ಹತೆ ಸಾಕಾಯಿತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಕೊಟ್ಟ ವರದಿ ಬೊಕ್ಕಸದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಎರಡು ದಿನ ಬಿಟ್ಟು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೂಡಿದ ಆ ದಾವೆಯಲ್ಲಿ 2013ರ ಏಪ್ರಿಲ್ 18ರಂದು 49 ಲೀಜುಗಳು ರದ್ದಾದವು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಮೂರೂ ಸೇರಿ ವರ್ಷಕ್ಕೆ 3 ಕೋಟಿ ಟನ್ ಮಾತ್ರ ಅಂತ ಮಿತಿ ಬಿತ್ತು. 2022ರಲ್ಲಿ ಅದೇ ಮಿತಿ 5 ಕೋಟಿ ಟನ್ನಿಗೆ ಏರಿತು.

ಇಲ್ಲಿ ನಾವು ಸುಳ್ಳು ಹೇಳಬಾರದು. ಗಣಿ ನಿಂತ ದಿನ ಮೊದಲು ಒಲೆ ಆರಿದ್ದು ಮಾಲಕರ ಮನೆಯಲ್ಲಲ್ಲ. ಅದಿರು ತುಂಬುವವನ, ಲಾರಿಯ ಕ್ಲೀನರನ, ದಾರಿಯಲ್ಲಿ ಚಾದಂಗಡಿ ಇಟ್ಟವಳ ಮನೆಯಲ್ಲಿ. ಕಲ್ಲು ಇನ್ನೂ ನೂರು ಕೋಟಿ ವರ್ಷ ಕಾದೀತು, ಹೊಟ್ಟೆ ಸಂಜೆತನಕ ಕಾಯುವುದಿಲ್ಲ. 2015ರ ತಿದ್ದುಪಡಿ ಜಿಲ್ಲಾ ಖನಿಜ ನಿಧಿ ಅಂತ ಒಂದನ್ನು ಮಾಡಿತು, ಗಣಿಯಿಂದ ನೊಂದವರಿಗೆ. ಆದರೆ ಲೀಜುದಾರರು ಕಟ್ಟಿದರೆ ತಾನೆ ಅದರಲ್ಲಿ ದುಡ್ಡು? ನೆಲವನ್ನು ಮೀಸಲಿಟ್ಟದ್ದಕ್ಕೆ ಕೂಲಿ ಕಳಕೊಂಡವನ ಹೆಸರು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಪರಿಸರದ ಬಗ್ಗೆ ಚಂದ ಮಾತಾಡುವ ಪೇಟೆಯ ಗೆಳೆಯರು ಇದನ್ನು ಮಾತ್ರ ಬಿಟ್ಟು ಮಾತಾಡುತ್ತಾರೆ.

ಹಾಗಾದರೆ ಹುಟ್ಟದವರ ಪಾಲು ಬೇಡವೆ? ಬೇಡ ಅನ್ನಲು ನಮಗೆ ಬಾಯಿ ಬರುವುದಿಲ್ಲ. ಯಾಕಂದ್ರ ನಾವೇ ಅಂಥ ಪಾಲಿನಿಂದ ಬಂದವರು. 1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ, 1951ರಲ್ಲಿ ಅದಕ್ಕೆ 15(4)ನೆಯ ವಿಧಿ ಸೇರಿದಾಗ, ನಾವಿರಲಿ ನಮ್ಮ ಅಪ್ಪ ಅವ್ವಂದಿರೂ ಹುಟ್ಟಿರಲಿಲ್ಲ. ಮುಖ ಕಾಣದ ನಮಗೆಂದು ಬಾಬಾಸಾಹೇಬರು ಮತ್ತು ಅವರ ಕಾಲದವರು ಒಂದು ಬೆಂಚು ಹಿಡಿದಿಟ್ಟರು. ಅದರ ಮೇಲೆ ಕುಂತು ಓದಿ, ಈಗ ಮುಂದಿನವರಿಗೆ ಏನೂ ಹಿಡಿದಿಡಬೇಕಿಲ್ಲ ಎಂದರೆ ನಮಗಿಂತ ಕೃತಘ್ನರು ಯಾರು?

ಮೀಸಲು ಬೇಕು. ಆದರೆ ದೇವರ ಕೋಣೆಯ ಮಡಿಯ ಮೀಸಲು ಬೇಡ. ನಮ್ಮ ಕಡೆಯೇ 2016ರಲ್ಲಿ ಬೀಳಗಿ, ಮುಧೋಳ ತಾಲೂಕುಗಳ 96 ಚದರ ಕಿಲೋಮೀಟರ್ ಯಡಹಳ್ಳಿ ಚಿಂಕಾರಾ ವನ್ಯಧಾಮ ಆಯಿತು. ವನ್ಯಧಾಮದೊಳಗೂ ಅದರ ಗಡಿಯಿಂದ 1 ಕಿಲೋಮೀಟರ್ ತನಕವೂ ಗಣಿ ಕೂಡದೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಳ್ಳೆಯದು, ಆ ಬಡ ಜಿಂಕೆಯ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಜಿಂಕೆಗೆ ಒಂದು ಕಾಯ್ದೆ ಇದೆ, ಕಲ್ಲಿಗೆ ಒಂದು ಕಲಮು ಇದೆ. ಎರಡು ಆಡು ಹೊಡಕೊಂಡು ಗುಡ್ಡಕ್ಕೆ ಹೋಗುವ ಮುದುಕಿಗೆ ಇರುವುದು ಗಾರ್ಡಿನ ಗದರಿಕೆ. ನೆಲವನ್ನು ಟಿಪ್ಪರಿನಿಂದ ಉಳಿಸುವ ಕಾಗದದಲ್ಲೇ ಅವಳ ದಾರಿಯನ್ನೂ ಬರೆಯಬೇಕು, ಖಣಿ ಬಿಟ್ಟವನ ಕೂಲಿಯನ್ನೂ ಬರೆಯಬೇಕು. ಇಲ್ಲದಿದ್ದರೆ ಅದು ನಾಳೆ ಬರುವ ದೊಡ್ಡ ಕಂಪನಿಗೆ ಕಾಯ್ದಿಟ್ಟ ಗಂಟು ಅಂತಲೇ ನಾವು ತಿಳಿಯುತ್ತೇವೆ.

ಇನ್ನು ಮುಂದೆ ಇಂಥ ಅಧಿಸೂಚನೆ ಬಂದರೆ, ಮೀಸಲಿಡುವುದಾಗಲಿ ತೆಗೆಯುವುದಾಗಲಿ, ಕಚೇರಿಯ ಗೋಡೆಗೆ ಅಂಟಿಸಿ ಕೈತೊಳೆದುಕೊಳ್ಳಬೇಡಿರಿ. ಕನ್ನಡದಲ್ಲಿ ಬರೆಸಿ, ಡಂಗುರ ಸಾರಿಸಿ, ನಮ್ಮ ಕೇರಿಯ ಕಟ್ಟೆಯ ಮುಂದೆಯೂ ಓದಿಸಿರಿ. ಹಲಗಿ ಬಾರಿಸುವವರು ಹೇಗೂ ನಮ್ಮವರೇ.