ಗಾಡಿ ಹೇಳುವ ಚಾಡಿ

ಯಾದಗಿರಿ ಹತ್ತಿರದ ಮುದನಾಳದ ಕಡೆಯ ಡ್ರೈವರೊಬ್ಬ ತಾನು ಓಡಿಸುವ ಹೊಸ ಹೈಬ್ರಿಡ್ ಕಾರನ್ನು ಬಾಯ್ತುಂಬ ಹೊಗಳಿ ಕೊನೆಗೆ ಒಂದು ಮಾತು ಸೇರಿಸಿದ: “ಎಲ್ಲಾ ಛಲೋ ಅದರೀ, ಆದ್ರ ಈ ಗಾಡಿ ಸಾವ್ಕಾರಗ ಚಾಡಿ ಹೇಳ್ತದ.” ಗಾಡಿ ಎಲ್ಲಿ ನಿಂತಿದೆ, ಎಷ್ಟು ವೇಗದಲ್ಲಿ ಹೋಯಿತು, ಹಾಕಿಕೊಟ್ಟ ಗಡಿ ದಾಟಿತೋ ಇಲ್ಲವೋ ಎಲ್ಲವೂ ಯಜಮಾನರ ಮೊಬೈಲಿಗೆ ಹೋಗಿ ಬೀಳುತ್ತದೆ. ಹಿಂದಿನ ಸಾವ್ಕಾರರು ಕಿಲೋಮೀಟರ್ ಬರೆದಿಟ್ಟುಕೊಂಡು ಡೀಸೆಲ್ ಚೀಟಿಯೊಂದಿಗೆ ತಾಳೆ ಹಾಕುತ್ತಿದ್ದರು. ಈಗ ಆ ಗುಮಾಸ್ತಿಕೆಯನ್ನು ಕಾರೇ ವಹಿಸಿಕೊಂಡಿದೆ.

ಈ ಕಾರು ಪರದೇಶದ್ದಲ್ಲ, ನಮ್ಮ ರಾಜ್ಯದ್ದೇ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2022ರಲ್ಲಿ ಹೈರೈಡರ್ ಬಂತು. ಅದರ ಜೋಡಿಯಾದ ಮಾರುತಿ ಗ್ರ್ಯಾಂಡ್ ವಿಟಾರಾವೂ ಅಲ್ಲಿಂದಲೇ ಹೊರಬಿತ್ತು. ಅದೇ ವರ್ಷದ ಕೊನೆಗೆ ಇನ್ನೋವಾ ಹೈಕ್ರಾಸ್ ಬಂತು. ಜಪಾನಿನಲ್ಲಿ 1997ರಲ್ಲಿ ಪ್ರಿಯಸ್ ಹೆಸರಿನಲ್ಲಿ ಶುರುವಾದ ತಂತ್ರ ಇಪ್ಪತ್ತೈದು ವರ್ಷ ತೆಗೆದುಕೊಂಡು ಕೃಷ್ಣಾ–ಭೀಮಾ ನಡುವಿನ ಎರೆಹೊಲಗಳ ರಸ್ತೆಗೆ ಇಳಿದಿದೆ. ಹೈರೈಡರಿನ ಹೈಬ್ರಿಡ್ ಮಾದರಿ ಲೀಟರಿಗೆ 27.97 ಕಿ.ಮೀ. ಕೊಡುತ್ತದೆಂದು ಕಂಪನಿ ಹೇಳುತ್ತದೆ. ನಮ್ಮ ರಸ್ತೆಯಲ್ಲಿ ಅಷ್ಟು ಬರಲಿಕ್ಕಿಲ್ಲ, ಹಳೆಯ ಪೆಟ್ರೋಲ್ ಗಾಡಿಯ ಲೆಕ್ಕಕ್ಕೆ ಹೋಲಿಸಿದರೆ ಬಂದಷ್ಟೂ ಲಾಭವೇ. ಬ್ರೇಕ್ ಒತ್ತಿದಾಗ ಹಾಳಾಗುತ್ತಿದ್ದ ಶಕ್ತಿ ಬ್ಯಾಟರಿಗೆ ಸೇರುತ್ತದೆ, ನಿಧಾನವಾಗಿ ಹೋಗುವಾಗ ಇಂಜಿನ್ ಸುಮ್ಮನಿದ್ದು ಮೋಟಾರು ಎಳೆಯುತ್ತದೆ. ಪರದೆಯ ಮೇಲೆ ಬಾಣದ ಗುರುತುಗಳು ಇಂಜಿನ್ನಿನಿಂದ ಚಕ್ರಕ್ಕೆ, ಚಕ್ರದಿಂದ ಬ್ಯಾಟರಿಗೆ ಓಡಾಡುತ್ತಿರುತ್ತವೆ. ಕೆಲವು ಗಾಡಿಗಳು ಪ್ರಯಾಣ ಮುಗಿದ ಮೇಲೆ ನೂರಕ್ಕೆ ಇಷ್ಟು ಅಂಕ ಅಂತಲೂ ಕೊಡುತ್ತವೆ. ಶಾಲೆ ಬಿಟ್ಟು ಮೂವತ್ತು ವರ್ಷವಾದ ಡ್ರೈವರುಗಳು ಆ ಅಂಕಕ್ಕಾಗಿ ಮೆತ್ತಗೆ ಬ್ರೇಕ್ ಒತ್ತುವುದನ್ನು ಕಲಿತಿದ್ದಾರೆ. ನಿಗಾ ಎನ್ನುವುದು ಇಷ್ಟು ನಗುನಗುತ್ತ ನಡೆದರೆ ಯಾರಿಗೆ ಬೇಸರ?

ನಿಜವಾದ ಪರೀಕ್ಷೆ ಇರುವುದು ಡ್ರೈವರನಿಗೆ ನೆರವಾಗಲು ಕೂಡಿಸಿದ ಸಲಕರಣೆಗಳಲ್ಲಿ. ಮುಂದಿನ ಗಾಡಿಯಿಂದ ದೂರ ಕಾಯ್ದುಕೊಂಡು ಹೋಗುವುದು, ಪಟ್ಟೆ ದಾಟಿದರೆ ಸ್ಟೇರಿಂಗ್ ಅಲ್ಲಾಡಿಸಿ ಎಚ್ಚರಿಸುವುದು, ಗುದ್ದುವ ಲಕ್ಷಣ ಕಂಡರೆ ತಾನೇ ಬ್ರೇಕ್ ಹಾಕುವುದು, ಕನ್ನಡಿಗೆ ಕಾಣದ ಮೂಲೆಯಲ್ಲಿ ಬೈಕ್ ಬಂದರೆ ದೀಪ ಹತ್ತಿಸುವುದು. ಹೈಕ್ರಾಸಿನಲ್ಲಿ ಇವೆಲ್ಲ ಸಿಗುವುದು ಮೇಲಿನ ಮಾದರಿಯಲ್ಲಿ ಮಾತ್ರ, ಅದರ ಬೆಲೆ ಮೂವತ್ತು ಲಕ್ಷ ದಾಟುತ್ತದೆ. ಇವುಗಳಲ್ಲಿ ಮುಂದಕ್ಕೆ ನೋಡುವವಕ್ಕೆ ಎರಡು ಕಣ್ಣು: ಗಾಜಿನ ಮೇಲ್ಭಾಗದಲ್ಲಿ, ಕನ್ನಡಿಯ ಹಿಂದೆ ಒಂದು ಕ್ಯಾಮೆರಾ. ಮೂತಿಯಲ್ಲಿ, ಬಹಳಷ್ಟು ಗಾಡಿಗಳಲ್ಲಿ ಕಂಪನಿಯ ಲಾಂಛನದ ಹಿಂದೆಯೇ, ಒಂದು ರಾಡಾರ್. ಇಂಥ ರಾಡಾರುಗಳು ಬಳಸುವ 76–77 ಗಿಗಾಹರ್ಟ್ಸ್ ತರಂಗಕ್ಕೆ ಭಾರತದಲ್ಲಿ ಲೈಸೆನ್ಸ್ ಬೇಡವೆಂದು ಸರಕಾರ ವಿನಾಯಿತಿ ಕೊಟ್ಟದ್ದು 2015ರಲ್ಲಿ.

ಈಗ ನಮ್ಮ ಊರಿನ ಆಯುಧಪೂಜೆಯನ್ನು ನೆನೆಸಿಕೊಳ್ಳಿ. ಗಾಡಿ ತೊಳೆದು, ಮೂತಿಗೆ ಅಡ್ಡಲಾಗಿ ಗೇಣು ದಪ್ಪದ ಚೆಂಡುಹೂವಿನ ಹಾರ, ಎರಡೂ ಬದಿ ಬಾಳೆಕಂದು, ಲಾಂಛನದ ಮೇಲೆ ಮೂರು ಬೆರಳ ವಿಭೂತಿ, ಅದರ ನಡುವೆ ಕುಂಕುಮ, ಕೆಳಗೆ ಲಿಂಬೆಹಣ್ಣು–ಮೆಣಸಿನಕಾಯಿ. ರಾಡಾರಿನ ಕಣ್ಣಿಗೆ ಪೂರಾ ಪಟ್ಟಿ ಕಟ್ಟಿದ ಹಾಗೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋಗಿ ಬಂದ ಗಾಡಿಯಾದರೆ ಗಾಜಿನ ಮೇಲೆಲ್ಲ ಭಂಡಾರ. ಮಳೆಗಾಲದಲ್ಲಿ ಇಷ್ಟೆಲ್ಲ ಬೇಕಾಗಿಲ್ಲ, ಎದುರಿನ ಟ್ರ್ಯಾಕ್ಟರ್ ಒಮ್ಮೆ ಎರೆಮಣ್ಣಿನ ರಾಡಿ ಎರಚಿದರೆ ಸಾಕು, ಪರದೆಯಲ್ಲಿ ಹಳದಿ ಅಕ್ಷರ ಬಂದು ನೆರವು ನಿಂತುಹೋಗುತ್ತದೆ. ಡ್ರೈವರ್ ಇಳಿದು ಹಸಿ ಬಟ್ಟೆಯಿಂದ ಲಾಂಛನ ಒರೆಸಿದರೆ ಮತ್ತೆ ಶುರು. ದೇವರಿಗೆ ಹಾರ ಹಾಕಬೇಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಪೂಜೆ ಮುಗಿಸಿ ರಸ್ತೆಗಿಳಿಯುವ ಮೊದಲು ಹಾರವನ್ನು ಒಂದು ಗೇಣು ಮೇಲೆ ಸರಿಸಿದರೆ ಮಲ್ಲಯ್ಯ ಮುನಿಯಲಾರ.

ಯಾದಗಿರಿಯಿಂದ ಭೀಮಾ ದಾಟಿ ದೋರನಹಳ್ಳಿ ಮೇಲೆ ಶಹಾಪುರ, ಅಲ್ಲಿಂದ ಹತ್ತಿಗುಡೂರು ಹಾದು ಸುರಪುರ. ಈ ದಾರಿಯಲ್ಲಿ ಪಟ್ಟೆ ಹಿಡಿದು ಹೋಗುವ ಸೌಕರ್ಯ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಕೇಳಿದರೆ, ಪಟ್ಟೆ ಇದ್ದಲ್ಲಿ ಬರುತ್ತದೆ ಎನ್ನಬೇಕು. ಜೇವರ್ಗಿಯಿಂದ ಚಾಮರಾಜನಗರದವರೆಗಿನ 150ಎ ಹೆದ್ದಾರಿಯಲ್ಲಿ ಬಿಳಿ ಗೆರೆ ನಿಚ್ಚಳವಾಗಿ ಇರುವಲ್ಲಿ ಕ್ಯಾಮೆರಾ ಹಿಗ್ಗಿ ಕೆಲಸ ಮಾಡುತ್ತದೆ. ಒಳರಸ್ತೆಗೆ ತಿರುಗಿದರೆ ಎರಡೂ ಅಂಚಿಗೆ ಜಾಲಿಕಂಟಿ ಬಾಗಿಕೊಂಡಿರುತ್ತದೆ, ಗೆರೆ ಹಾಗಿರಲಿ, ಡಾಂಬರಿನ ಅಂಚೇ ಕಾಣುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ–ಸುರಪುರ ಭತ್ತದ ಸೀಮೆಯಾಯಿತು. ಸುಗ್ಗಿ ಬಂತೆಂದರೆ ರಸ್ತೆಯ ಅರ್ಧ ಭಾಗ ಕಣವಾಗುತ್ತದೆ. ಭತ್ತದ ರಾಶಿಯ ಸುತ್ತ ಕಾವಲಿಗೆ ಕಲ್ಲು ಇಡುತ್ತಾರೆ, ಹಗಲು ಕಾಯುವವರು ರಾತ್ರಿ ರಾಶಿ ಎತ್ತಿಕೊಂಡು ಹೋಗುತ್ತಾರೆ, ಕಲ್ಲು ಮಾತ್ರ ಅಲ್ಲೇ. ಆ ಕಲ್ಲು ಕಾಣುವಷ್ಟು ಕೆಳಗೆ ನೋಡಲು ಯಾವ ರಾಡಾರಿಗೂ ಹೇಳಿಕೊಟ್ಟಿಲ್ಲ.

ಇಲ್ಲೇ ಒಂದು ಮಾತನ್ನು ಬಿಡಿಸಿ ಹೇಳಬೇಕು, ಶೋರೂಮಿನಲ್ಲಿ ಅದನ್ನು ಯಾರೂ ಒತ್ತಿ ಹೇಳುವುದಿಲ್ಲ. ವೇಗವಾಗಿ ಹೋಗುವಾಗ ರಾಡಾರಿಗೆ ಸೇತುವೆ, ಫಲಕ, ಕಂಬ, ಕೈಗಂಬಿ ಎಲ್ಲದರಿಂದಲೂ ಪ್ರತಿಧ್ವನಿ ಬರುತ್ತದೆ. ಪ್ರತಿಯೊಂದಕ್ಕೂ ಬ್ರೇಕ್ ಹಾಕುತ್ತ ಹೋದರೆ ಗಾಡಿ ಮುಂದೆ ಸಾಗುವುದೇ ಇಲ್ಲ. ಅದಕ್ಕಾಗಿ ನಿಂತ ವಸ್ತುಗಳನ್ನು ಲೆಕ್ಕದಿಂದ ಸೋಸುವಂತೆ ಇಂಥ ವ್ಯವಸ್ಥೆಗಳನ್ನು ರೂಪಿಸಿರುತ್ತಾರೆ. ಚಲಿಸುವ ಗಾಡಿಯ ಬೆನ್ನು ಹತ್ತುವುದರಲ್ಲಿ ಇವು ಜಾಣ, ನಿಂತ ಗಾಡಿಯನ್ನು ಗುರುತಿಸುವುದರಲ್ಲಿ ಪೆದ್ದ. ಕ್ಯಾಮೆರಾ ಜೊತೆಗೂಡಿದ ಮೇಲೆ ಈ ದೋಷ ಕಡಿಮೆಯಾಗಿದೆ, ಹೋಗಿಲ್ಲ. ಕಾರಿನ ಜೊತೆ ಕೊಡುವ ದಪ್ಪ ಪುಸ್ತಕದಲ್ಲಿ ಇದನ್ನು ಬರೆದಿರುತ್ತಾರೆ. ಆ ಪುಸ್ತಕ ಪ್ಲಾಸ್ಟಿಕ್ ಚೀಲ ಬಿಚ್ಚದೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಮಲಗಿರುತ್ತದೆ.

ನಮ್ಮ ಕಡೆ ಜನ ಸಾಯುವುದು ಯಾವುದಕ್ಕೆ ಗುದ್ದಿ? ನಿಂತ ಗಾಡಿಗೆ. ಹತ್ತಿ ಹೇರಿಕೊಂಡು, ಹಿಂದೆ ಒಂದೂ ದೀಪವಿಲ್ಲದೆ ಪಂಕ್ಚರಾಗಿ ನಿಂತ ಟ್ರ್ಯಾಕ್ಟರ್ ಟ್ರೇಲರಿಗೆ, ಢಾಬಾದ ಎದುರು ಅರ್ಧ ರಸ್ತೆ ಹಿಡಿದು ನಿಂತ ಲಾರಿಗೆ. 2025ರ ಏಪ್ರಿಲ್ 5ರ ನಸುಕಿನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ವ್ಯಾನ್ ಗುದ್ದಿತು. ಕಲಬುರಗಿಯ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದ ಬಾಗಲಕೋಟೆ ಕಡೆಯ ಐದು ಜನ ಸತ್ತರು. ಇಂಥ ಸುದ್ದಿ ಓದಿದಾಗಲೆಲ್ಲ “ಆ ಗಾಡಿಗೆ ಈ ಸೌಕರ್ಯ ಇದ್ದಿದ್ದರೆ” ಎನ್ನುವವರಿದ್ದಾರೆ. ಇದ್ದಿದ್ದರೆ ಒಳ್ಳೆಯದೇ ಇತ್ತು, ಆದರೆ ಇದ್ದ ಮಾತ್ರಕ್ಕೆ ಉಳಿಯುತ್ತಿದ್ದರೆಂದು ಭರವಸೆ ಕೊಡುವವರು ಯಾರು? ಅಂಥ ಹೊತ್ತಿನಲ್ಲಿ ನಿಂತ ಗಾಡಿಯ ಹಿಂದೆ ಅಂಟಿಸಿದ ಹತ್ತಾರು ರೂಪಾಯಿಯ ರೇಡಿಯಂ ಪಟ್ಟಿ ಮೂವತ್ತು ಲಕ್ಷದ ಕಾರಿಗಿಂತ ಹೆಚ್ಚು ಕೆಲಸ ಮಾಡೀತು.

ಹಾಗಂತ ಇವನ್ನೆಲ್ಲ ಬಂದ್ ಮಾಡಿಡಿ ಎಂದು ನಾನು ಹೇಳುವುದಿಲ್ಲ. ಮೊದಲೆಲ್ಲ ಲಾರಿಯಲ್ಲಿ ಕ್ಲೀನರ್ ಇರುತ್ತಿದ್ದ. ಹಿಂದಕ್ಕೆ ತೆಗೆಯುವಾಗ ಬಾಡಿಗೆ ತಟ್ಟುತ್ತ “ಬರ್ಲಿ, ಬರ್ಲಿ” ಎನ್ನುತ್ತಿದ್ದ, “ಹೋಲ್ಡಾನ್” ಎಂದು ಕೂಗುತ್ತಿದ್ದ, ಎಡಗಡೆಯಿಂದ ನುಗ್ಗುವ ಬೈಕಿನವನಿಗೆ ಕೈ ಅಡ್ಡ ಹಿಡಿಯುತ್ತಿದ್ದ. ರಾತ್ರಿ ಮೂರು ಗಂಟೆಗೆ ಡ್ರೈವರ್ ತೂಕಡಿಸಿದರೆ ಊರಿನ ಸುದ್ದಿ ತೆಗೆದು ಎಬ್ಬಿಸುತ್ತಿದ್ದ. ಅವನೆಂದೂ ಸ್ಟೇರಿಂಗ್ ಮುಟ್ಟುತ್ತಿರಲಿಲ್ಲ, ಮುಟ್ಟಿದರೆ ಬೈಸಿಕೊಳ್ಳುತ್ತಿದ್ದ. ಈ ಸಲಕರಣೆಗಳನ್ನೂ ಕ್ಲೀನರನ ಜಾಗದಲ್ಲಿ ಕೂಡಿಸಿದರೆ ಅವು ಬಂಗಾರ. ಶಹಾಪುರದ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಹಿಂದಕ್ಕೆ ತೆಗೆಯುವಾಗ ಅಡ್ಡ ಬರುವ ಆಟೋ ಬಗ್ಗೆ ಎಚ್ಚರಿಸುವುದು, ಕನ್ನಡಿಗೆ ಸಿಗದ ಮೂಲೆಯ ಬೈಕ್ ತೋರಿಸುವುದು, ಟೈರಿನ ಗಾಳಿ ಇಳಿದರೆ ಹೇಳುವುದು. ಇಲ್ಲಿನ ಮೇ ತಿಂಗಳ ಕಾದ ಡಾಂಬರಿನಲ್ಲಿ ಗಾಳಿಯ ಆ ಒಂದು ಎಚ್ಚರಿಕೆ ಎಷ್ಟು ಜೀವದ ಬೆಲೆಯದೋ. ಇವನ್ನು ಯಾವಾಗಲೂ ಚಾಲೂ ಇಡಬೇಕು. ಬಿಳಿ ಗೆರೆಯಿಲ್ಲದ ದಾರಿಯಲ್ಲಿ ಪಟ್ಟೆ ಹಿಡಿಯುವುದನ್ನೂ, ದನ, ಕುರಿಹಿಂಡು, ಎತ್ತಿನಗಾಡಿ ಓಡಾಡುವ ಹೊತ್ತಿನಲ್ಲಿ ತಾನೇ ಓಡುವ ಕ್ರೂಸನ್ನೂ ಬಂದ್ ಮಾಡುವುದೇ ಲೇಸು. ಕಾಲು ಕೆಳಗಿಟ್ಟು ಕೂತವನಿಗೆ ಬ್ರೇಕ್ ಹುಡುಕುವುದಕ್ಕೇ ಒಂದು ಕ್ಷಣ ಬೇಕು.

ಎತ್ತಿನಗಾಡಿ ಎಂದಾಗ ನೆನಪಾಯಿತು. ಈ ಕ್ಯಾಮೆರಾಗಳಿಗೆ ಪಾಠ ಹೇಳಿದ ಚಿತ್ರಗಳಲ್ಲಿ ಬಹುಪಾಲು ಯುರೋಪು, ಅಮೆರಿಕದ ರಸ್ತೆಗಳವು. ಯಾದಗಿರಿಗೆ ಬೆಂಗಳೂರಿಗಿಂತ ಹತ್ತಿರವಾದ ಹೈದರಾಬಾದಿನ ಐಐಐಟಿಯವರು ಬೆಂಗಳೂರಿನ ಇಂಟೆಲ್ ಜೊತೆ ಸೇರಿ ಹೈದರಾಬಾದ್, ಬೆಂಗಳೂರು ಮತ್ತು ಸುತ್ತಲ ರಸ್ತೆಗಳ ಹತ್ತು ಸಾವಿರ ಚಿತ್ರಗಳನ್ನು ಗುರುತು ಹಾಕಿ ಒಂದು ಸಂಗ್ರಹ ಮಾಡಿದರು. ಅದರಲ್ಲಿ ಆಟೋರಿಕ್ಷಾಕ್ಕೂ ಪ್ರಾಣಿಗಳಿಗೂ ಬೇರೆ ಬೇರೆ ವರ್ಗಗಳಿವೆ, ಡಾಂಬರಿನ ಪಕ್ಕದ ಮಣ್ಣುದಾರಿಯಲ್ಲೂ ಗಾಡಿ ಓಡಬಹುದು ಎಂಬ ಲೆಕ್ಕವಿದೆ. ನಮ್ಮ ದೇಶದ ರಸ್ತೆಯನ್ನು ಹಾಗೆ ಇರುವಂತೆ ನೋಡಿದ ಕೆಲಸ ಅದು. ಅಂಥ ಕೆಲಸ ಇನ್ನೂ ಹತ್ತು ಪಟ್ಟು ನಡೆಯಬೇಕು, ಮತ್ತು ಮಹಾನಗರ ಬಿಟ್ಟು ಈ ಕಡೆಗೂ ಬರಬೇಕು.

ಇನ್ನು ಡ್ರೈವರನ ಮುಖಕ್ಕೇ ನೆಟ್ಟ ಕಣ್ಣಿನ ಮಾತು. ಕೆಲವು ಗಾಡಿಗಳು ಸ್ಟೇರಿಂಗ್ ತಿರುಗುವ ರೀತಿಯಿಂದ ನಿದ್ದೆಯನ್ನು ಊಹಿಸುತ್ತವೆ. ತೂಕಡಿಸುವವನು ಸ್ವಲ್ಪ ಹೊತ್ತು ಕೈ ಸಡಿಲ ಬಿಡುತ್ತಾನೆ, ಆಮೇಲೆ ತಟ್ಟನೆ ಎಳೆಯುತ್ತಾನೆ. ಇನ್ನು ಕೆಲವು ಒಳಗೊಂದು ಕ್ಯಾಮೆರಾ ಇಟ್ಟು, ಕಣ್ಣಿಗೆ ಕಾಣದ ಬೆಳಕು ಬಿಟ್ಟು ರೆಪ್ಪೆ ಮುಚ್ಚಿದ ಹೊತ್ತನ್ನು ಎಣಿಸುತ್ತವೆ. ಯುರೋಪಿನಲ್ಲಿ 2024ರ ಜುಲೈನಿಂದ ಪ್ರತಿ ಹೊಸ ಕಾರಿಗೂ ತೂಕಡಿಕೆಯ ಎಚ್ಚರಿಕೆ ಕಡ್ಡಾಯ. ನಮ್ಮ ಕೇಂದ್ರ ಸಾರಿಗೆ ಸಚಿವಾಲಯವೂ 2025ರಲ್ಲಿ ಬಸ್ಸು, ಲಾರಿಗಳಿಗೆ ಇದನ್ನು ಕಡ್ಡಾಯ ಮಾಡುವ ಕರಡು ಹೊರಡಿಸಿತು. 2022 ಒಂದೇ ವರ್ಷ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಅದೇ ಸಚಿವಾಲಯ ಲೆಕ್ಕ ಕೊಟ್ಟಿದೆ. ಹೀಗಿರುವಾಗ ಕರಡಿನ ಉದ್ದೇಶಕ್ಕೆ ಯಾರೂ ಕೊಂಕು ತೆಗೆಯಲಾರರು.

ಆದರೆ ಚಾಡಿಯ ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ. ಗಾಡಿ ಡ್ರೈವರನ ರೆಪ್ಪೆ ನೋಡುತ್ತದೆ, ಟಿಂಗ್ ಎನ್ನುತ್ತದೆ, ಪರದೆಯಲ್ಲಿ ಒಂದು ಕಾಫಿ ಕಪ್ಪಿನ ಚಿತ್ರ ತೋರಿಸುತ್ತದೆ. ಆ ರೆಪ್ಪೆ ಭಾರವಾದದ್ದು ಏಕೆ? ಬೆಳಿಗ್ಗೆ ಸಾವ್ಕಾರರ ಮಕ್ಕಳನ್ನು ಶಾಲೆಗೆ ಬಿಟ್ಟು, ಮಧ್ಯಾಹ್ನ ಕಲಬುರಗಿಯ ಕೋರ್ಟಿಗೆ ಹೋಗಿ ಬಂದು, ರಾತ್ರಿ ಹತ್ತಕ್ಕೆ ಹೈದರಾಬಾದಿನ ಆಸ್ಪತ್ರೆಗೆ ಹೊರಡು ಎಂದರೆ ಯಾರ ರೆಪ್ಪೆ ತಡೆದೀತು? ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು ಎಂದು ಗೆರೆ ಎಳೆಯಿತು. ಐದು ತಾಸು ಓಡಿಸಿದ ಮೇಲೆ ಅರ್ಧ ತಾಸು ವಿಶ್ರಾಂತಿ ಎಂದಿತು. ಅದು ಬಂದದ್ದು ಐದು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಾರಿಗೆ ಸಂಸ್ಥೆಗಳಿಗೆ. ಒಂದು ಮನೆ, ಒಂದು ಕಾರು, ಒಬ್ಬ ಡ್ರೈವರ್ ಇರುವಲ್ಲಿ ಆ ಗೆರೆ ಮುಟ್ಟಲಿಲ್ಲ. ಕಾರು ಸಾವ್ಕಾರನ ಫೋನಿಗೆ ಗಾಡಿ ಎಲ್ಲಿದೆ ಎಂದು ಕಳಿಸುತ್ತದೆ. ಈ ಮನುಷ್ಯ ಹದಿನಾರು ತಾಸಿನಿಂದ ಸ್ಟೇರಿಂಗ್ ಹಿಂದೆ ಕೂತಿದ್ದಾನೆ ಎಂದು ಮಾತ್ರ ಕಳಿಸುವುದಿಲ್ಲ. ಲೆಕ್ಕ ಹಾಕಲು ಬೇಕಾದದ್ದೆಲ್ಲ ಅದರ ಹೊಟ್ಟೆಯಲ್ಲೇ ಇರುತ್ತದೆ. ಕೇಳುವವರಿಲ್ಲ, ಅಷ್ಟೇ.

ಕಂಪನಿಯವರು ಆ ಒಂದು ಸಾಲನ್ನು ಸೇರಿಸಲಿ. ಅವರು ಸೇರಿಸುವ ತನಕ ಹಿಂದಿನ ಸೀಟಿನಲ್ಲಿ ಕೂರುವವರು ಬಾಯಿಬಿಟ್ಟು ಕೇಳಬಹುದು. ರಾತ್ರಿ ಗಾಡಿ ಹೊರಡಿಸುವ ಮುಂಚೆ “ನಿದ್ದಿ ಆಗ್ಯದೇನಪಾ?” ಅನ್ನಿ. ಆಗಿಲ್ಲ ಎಂದರೆ ಎರಡು ತಾಸು ಮಲಗಿಸಿ, ಆಮೇಲೆ ಹೊರಡಿ. ತಡೆಯಲಾಗದ ತುರ್ತಿದ್ದರೆ ಇನ್ನೊಬ್ಬ ಡ್ರೈವರನನ್ನು ಕರೆಯಿರಿ. ನಿಮ್ಮ ಹೊಲದ ಟ್ರೇಲರಿನ ಹಿಂದೆ ರೇಡಿಯಂ ಪಟ್ಟಿ ಇದೆಯೇ ಎಂದು ನಾಳೆ ಬೆಳಿಗ್ಗೆ ಒಮ್ಮೆ ನೋಡಿಬಿಡಿ.