ಕಾಪುವಿನ ದೀಪಸ್ತಂಭ ಕುಳ್ಳಾದಾಗ

ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು ಔದಾರ್ಯವೆಂದು ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಆದರೆ ಹೇಳಿಕೊಡುವಾಗ ನಗಬಹುದೇ? ನಕ್ಕರೆ ಆ ಔದಾರ್ಯದಲ್ಲಿ ಏನಾದರೂ ಕಡಿಮೆಯಾಗುತ್ತದೆಯೇ? ಪ್ರಶ್ನೆ ಸಣ್ಣದೆಂದು ತೋರಬಹುದು. ನಮ್ಮ ಪಾಲಿಗೆ ಅದು ಸಣ್ಣದಾಗಿ ಉಳಿಯಲಿಲ್ಲ.

ನಾವು ಐದಾರು ಮಂದಿ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಬೇರೆ ಬೇರೆ ಕೆಲಸ ಮಾಡಿಕೊಂಡಿರುವವರು. ನಮ್ಮನ್ನು ಒಟ್ಟುಗೂಡಿಸಿದ್ದು ಕಂಪ್ಯೂಟರಿನಲ್ಲಿ ಆಕೃತಿಗಳನ್ನು ಕಟ್ಟುವ ಹುಚ್ಚು. ಇಲ್ಲಿ ಮಣ್ಣಿಲ್ಲ, ಕಲ್ಲಿಲ್ಲ, ಉಳಿಯೂ ಇಲ್ಲ. ಪರದೆಯ ಮೇಲೆ ಬಿಂದುಗಳನ್ನಿಟ್ಟು, ಗೆರೆಗಳಿಂದ ಜೋಡಿಸಿ, ಮೇಲ್ಮೈ ಹೊದಿಸಿ, ಬೆಳಕು ಬಿಟ್ಟು ಒಂದು ಕಟ್ಟಡವನ್ನು ನಿಲ್ಲಿಸುವುದು. ಇದರಿಂದ ಯಾರ ಮನೆಯ ಒಲೆಯೂ ಉರಿಯುವುದಿಲ್ಲ. ಆದರೂ ಭಾನುವಾರ ಮಧ್ಯಾಹ್ನ ಮಣಿಪಾಲದ ಒಂದು ಬಾಡಿಗೆ ಕೋಣೆಯಲ್ಲಿ ಸೇರಿ, ಚಹಾ ಕುಡಿಯುತ್ತಾ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುತ್ತೇವೆ.

ಯುಕ್ತಿಗಳು ಅಲ್ಲಿ ಚಹಾದಷ್ಟೇ ಸಲೀಸಾಗಿ ಕೈ ಬದಲಾಗುತ್ತವೆ. ಕಾರ್ಕಳದ ಚತುರ್ಮುಖ ಬಸದಿಯನ್ನು ತೆಗೆದುಕೊಳ್ಳಿ. 1586ರಲ್ಲಿ ಕಟ್ಟಿದ ಅದು ನಾಲ್ಕು ದಿಕ್ಕಿನಿಂದಲೂ ಒಂದೇ ರೀತಿ ಕಾಣುತ್ತದೆ. ನಮ್ಮಲ್ಲೊಬ್ಬರು ಮೂರು ವಾರ ಕೂತು ಅದರ ಒಂದೊಂದು ಬದಿಯನ್ನೂ ಪ್ರತ್ಯೇಕವಾಗಿ ಕಟ್ಟುತ್ತಿದ್ದರು. "ಒಂದೇ ಬದಿ ಕಟ್ಟಿ, ನಡುಬಿಂದುವಿನ ಸುತ್ತ ತಿರುಗಿಸಿ ಮೂರು ನಕಲು ಇಳಿಸಿದರೆ ಆಯಿತಲ್ಲ ಮಾರಾಯ್ರೆ" ಎಂದು ಇನ್ನೊಬ್ಬರು ಹೇಳಲು ಅರ್ಧ ನಿಮಿಷ ಸಾಕಾಯಿತು. ಮೂರು ವಾರದ ಶ್ರಮದ ಎದುರು ಅರ್ಧ ನಿಮಿಷ! ಎಲ್ಲರೂ ನಕ್ಕರು, ಅವರೂ ನಕ್ಕರು. ಮುಂದಿನ ವಾರ ಅವರೇ ಒಂದು ಮಾತು ಸೇರಿಸಿದರು: ನಕಲಿಳಿಸಿದ ಕಂಬಗಳು ತೀರಾ ಒಂದೇ ಥರ ಆಗಿ ಪ್ಲಾಸ್ಟಿಕ್ ಆಟಿಕೆಯಂತೆ ಕಾಣುತ್ತವೆ, ಒಂದೊಂದನ್ನೂ ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೆ ಮಾತ್ರ ಮನುಷ್ಯರ ಕೈ ಕಡೆದ ಕಲ್ಲಿನಂತೆ ತೋರುತ್ತವೆ. ಮೇಲ್ಮೈಗಳು ಒಳಮುಖವಾಗಿ ಬೆಳಕು ಬಿದ್ದಲ್ಲಿ ಕಪ್ಪಾಗಿ ಕಂಡರೆ, "ನಿನ್ನ ಕಟ್ಟಡ ಅಂಗಿ ತಿರುಗಾಮುರುಗಾ ಹಾಕಿಕೊಂಡಿದೆ" ಎನ್ನುವುದು ನಮ್ಮ ರೂಢಿಯ ತಮಾಷೆ. ಆ ಒಂದು ವಾಕ್ಯದಲ್ಲಿ ಸಲಹೆಯೂ ಇದೆ, ಕೀಟಲೆಯೂ ಇದೆ.

ಕಳೆದ ವರ್ಷ ಕಾಪುವಿನ ಹುಡುಗನೊಬ್ಬ ನಮ್ಮ ಜೊತೆ ಸೇರಿದ. ತನ್ನೂರಿನ ದೀಪಸ್ತಂಭವನ್ನು ಕಟ್ಟಿ ತಂದಿದ್ದ. 1901ರ ಆ ಸ್ತಂಭದ ಎತ್ತರ ಸುಮಾರು 27 ಮೀಟರ್. ಹುಡುಗ 27 ಎಂದು ಸರಿಯಾಗಿಯೇ ಬರೆದಿದ್ದ. ಆದರೆ ಅವನ ಕಂಪ್ಯೂಟರ್ ಅಡಿಗಳಲ್ಲಿ ಅಳೆಯುತ್ತಿತ್ತು. ನಾವು ಅದನ್ನು ಕಾರ್ಕಳದ ಗೆಳೆಯರ ಗೊಮ್ಮಟನ ಪಕ್ಕದಲ್ಲಿ ನಿಲ್ಲಿಸಿದೆವು. 1432ರಲ್ಲಿ ನಿಂತ ಆ ಮೂರ್ತಿಯ ಎತ್ತರ 42 ಅಡಿ. ಹಡಗುಗಳಿಗೆ ದಾರಿ ತೋರಬೇಕಾದ ಸ್ತಂಭ ಮೂರ್ತಿಯ ಎದೆಮಟ್ಟಕ್ಕೂ ಸರಿಯಾಗಿ ಬರಲಿಲ್ಲ. "ಎಂತ ಮಾರಾಯ, ಇದು ದೀಪಸ್ತಂಭವೋ ಬೀದಿದೀಪವೋ?" ಎಂದು ಯಾರೋ ಕೇಳಿದರು. ಕೋಣೆ ಬಿದ್ದು ಬಿದ್ದು ನಕ್ಕಿತು. ಕೆಲಸ ಆರಂಭಿಸುವ ಮೊದಲೇ ಅಳತೆಯ ಮಾನವನ್ನು ನೋಡಿಕೊಳ್ಳಬೇಕೆಂಬ ಸಲಹೆಯೂ ಕೂಡಲೇ ಸಿಕ್ಕಿತು. ಹುಡುಗನೂ ನಕ್ಕ.

ಮುಂದಿನ ಮೂರು ಭಾನುವಾರ ಅವನು ಬರಲಿಲ್ಲ. ವಿಚಾರಿಸಿದಾಗ ಫೈಲನ್ನೇ ಅಳಿಸಿಬಿಟ್ಟೆ ಎಂದ.

ನಮ್ಮಲ್ಲಿ ಕೆಲವರಿಗೆ ಸಿಟ್ಟು ಬಂತು. ಇಷ್ಟಕ್ಕೆಲ್ಲ ನೊಂದುಕೊಳ್ಳುವವನು ಕಲಿಯುವುದುಂಟೇ, ನಾವೇನು ಅವನಿಗೆ ಕೆಟ್ಟದ್ದು ಬಯಸಿದೆವೇ, ಸಲಹೆಯನ್ನು ಧರ್ಮಾರ್ಥ ಕೊಟ್ಟೆವಲ್ಲ ಎಂಬ ವಾದ. ಬಸದಿಯವರನ್ನು ನೋಡಿ ನಕ್ಕಾಗ ಅವರು ಓಡಿಹೋದರೇ ಎಂದೂ ಕೇಳಿದರು. ಈ ಕೊನೆಯ ಮಾತು ನಮ್ಮನ್ನು ಯೋಚನೆಗೆ ಹಚ್ಚಿತು. ಬಸದಿಯವರು ನಮ್ಮೆಲ್ಲರ ಹಳೆಯ ತಪ್ಪುಗಳನ್ನು ಬಲ್ಲವರು. ಅವರನ್ನು ನೋಡಿ ನಕ್ಕವರನ್ನು ಕಂಡು ಅವರೂ ಹಲವು ಬಾರಿ ನಕ್ಕಿದ್ದಾರೆ. ಹುಡುಗನ ಬಳಿ ಅಂಥ ಯಾವ ಬಂಡವಾಳವೂ ಇರಲಿಲ್ಲ. ಅಂದು ನಾವೆಲ್ಲ ಮುಗಿದ ಚಿತ್ರಗಳನ್ನು ತೋರಿಸಿದ್ದೆವು. ಒಳಗಿನ ಕೆಲಸವನ್ನು ಬಿಚ್ಚಿಟ್ಟವನು ಅವನೊಬ್ಬನೇ.

ನಾವು ಕೊಟ್ಟೆವೆಂದು ಬೀಗಿದ ಸಲಹೆಗಾದರೂ ಏನು ಬೆಲೆ? ಅಳತೆಯ ಮಾನದ ವಿಷಯ ಯಾವ ಆರಂಭಿಕ ಪಾಠದಲ್ಲೂ ಸಿಗುತ್ತದೆ. ಅಷ್ಟೇ ಏಕೆ, ನಮ್ಮಲ್ಲಿ ಹೆಚ್ಚಿನವರು ಬಳಸುವ ಬ್ಲೆಂಡರ್ ಎಂಬ ತಂತ್ರಾಂಶವೇ ನಮಗೆ ಪುಕ್ಕಟೆ ಬಂದದ್ದು. ಅದನ್ನು ನಡೆಸುತ್ತಿದ್ದ ಕಂಪೆನಿ 2002ರಲ್ಲಿ ಮುಚ್ಚಿಹೋಯಿತು. ಅದರ ನಿರ್ಮಾತೃ, ನೆದರ್ಲ್ಯಾಂಡ್ಸಿನ ಟೋನ್ ರೂಸೆಂಡಾಲ್, ಬಂಡವಾಳ ಹೂಡಿದವರಿಂದ ಅದನ್ನು ಬಿಡಿಸಿಕೊಳ್ಳಲು ಜನರ ಮುಂದೆ ಕೈಯೊಡ್ಡಿದರು. ಏಳೇ ವಾರಗಳಲ್ಲಿ 1 ಲಕ್ಷ ಯೂರೋ ಸೇರಿತು. ಅದೇ ಅಕ್ಟೋಬರಿನಲ್ಲಿ ಅದರ ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಡಲಾಯಿತು. ತೆರೆದಿಡುವುದೆಂದರೆ ತಯಾರಾದ ವಸ್ತುವನ್ನು ಹಂಚುವುದಷ್ಟೇ ಅಲ್ಲ. ಒಳಗಿನ ತೇಪೆಗಳು, ಅರೆಬರೆ ಹೊಲಿಗೆಗಳು, ಎಲ್ಲವೂ ಅಪರಿಚಿತರ ಕಣ್ಣಿಗೆ ಬೀಳುತ್ತವೆ. ನಾವು ಅಂಥದೊಂದು ವಸ್ತುವನ್ನು ಬಳಸುತ್ತಾ ನಮ್ಮ ತೇಪೆಗಳನ್ನು ಮಾತ್ರ ಮುಚ್ಚಿಟ್ಟುಕೊಂಡಿದ್ದೆವು.

ಉದ್ಯೋಗವಾದರೆ ಮುಚ್ಚಿಡುವುದಕ್ಕೆ ಕಾರಣವಿದೆ. 1996ರಲ್ಲಿ ರೋಬೋಸಾಫ್ಟ್ ಆರಂಭವಾದ ಉಡುಪಿಯಲ್ಲಿ, 2013ರಲ್ಲಿ ಧೂಮ್-3ರ ಮೊಬೈಲ್ ಆಟವನ್ನು ತಯಾರಿಸಿದ 99 ಗೇಮ್ಸಿನ ಊರಿನಲ್ಲಿ, ಈ ವಿದ್ಯೆ ಅನ್ನ ಕೊಡುವ ವಿದ್ಯೆಯೂ ಹೌದು. ಕೆಲಸ ಕೇಳಲು ಹೋಗುವವರು ಒಳ್ಳೆಯ ಚಿತ್ರವನ್ನೇ ತೋರಿಸಬೇಕು. ಹವ್ಯಾಸಿಗಳಿಗೆ ಆ ಅನಿವಾರ್ಯ ಎಲ್ಲಿದೆ?

ಹಾಗಾದರೆ ಇನ್ನು ನಗುವುದೇ ಬೇಡವೇ ಎಂದು ನಮ್ಮಲ್ಲೊಬ್ಬರು ಕೇಳಿದರು. ನಮಗೆ ಹಾಗನ್ನಿಸುವುದಿಲ್ಲ. ನಗೆಯಿಲ್ಲದೆ ಗಂಭೀರವಾಗಿ ತಿದ್ದುವವರು ತಮ್ಮ ಮೇಲ್ಮೆಯನ್ನು ಇನ್ನಷ್ಟು ಗಟ್ಟಿಯಾಗಿ ತೋರಿಸಿಕೊಳ್ಳುತ್ತಾರೆ. ಪಡೆದವನ ತಲೆಯ ಮೇಲೆ ಉಪಕಾರದ ಮೂಟೆ ಕೂರದಂತೆ ನೋಡಿಕೊಳ್ಳುವುದು ತಮಾಷೆಯೇ. ಆದರೆ ಅವನೂ ತಿರುಗಿ ನಗಲು ಏನಾದರೂ ಸಿಗಬೇಕು.

ಕೊನೆಗೆ ಕಾರ್ಕಳದ ಗೆಳೆಯರೇ ಲ್ಯಾಪ್‌ಟಾಪ್ ಹಿಡಿದು ಕಾಪುವಿಗೆ ಹೋದರು. ದೀಪಸ್ತಂಭದ ಬುಡದ ಬಂಡೆಯ ಮೇಲೆ ಕೂತು, ತಮ್ಮ ಮೊದಲ ವರ್ಷದ ಫೈಲುಗಳನ್ನು ಒಂದೊಂದಾಗಿ ತೆರೆದರಂತೆ. ಒಂದು ಕಾಲು ನೆಲದೊಳಗೆ ಹೂತುಹೋದ ಕುರ್ಚಿ, ಬಾಗಿಲಿಗಿಂತ ದೊಡ್ಡ ಬೀಗ, ಆರು ಬೆರಳಿನ ಒಂದು ಕೈ. ಹುಡುಗ ಬಹಳ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಬೀಗದ ಕಡೆ ಬೆರಳು ತೋರಿಸಿ, ಇದನ್ನು ಯಾವ ಮಾನದಲ್ಲಿ ಅಳೆದಿರಿ ಎಂದು ಕೇಳಿದ.