ಲೋಹದ ಗುಣವೋ, ಪೀಠದ ಗುಣವೋ?

ಹುಟ್ಟುಗುಣ ಸುಟ್ಟರೂ ಹೋಗದೆಂದು ಲೋಕವು ಹೇಳುತ್ತದೆ. ಸಹವಾಸದಿಂದ ಸನ್ಯಾಸಿ ಕೆಟ್ಟನೆಂದೂ ಅದೇ ಲೋಕವು ಹೇಳುತ್ತದೆ. ತಪ್ಪು ಮಾಡಿದವನು ಪರರ ಮಗನಾದರೆ ಮೊದಲನೆಯ ಗಾದೆಯೂ, ತನ್ನ ಮಗನಾದರೆ ಎರಡನೆಯದೂ ಒಂದೇ ಬಾಯಿಂದ ಹೊರಡುವುವು. ಹಾಗಾದರೆ ಕಾರ್ಯದ ಕರ್ತೃತ್ವವು ಸ್ವಭಾವಕ್ಕೆ ಸೇರಿದುದೋ, ಇರುವ ಸ್ಥಾನಕ್ಕೆ ಸೇರಿದುದೋ? ಪಾಣಿನಿಯು ಸ್ವತಂತ್ರನಾದವನನ್ನು ಕರ್ತೃವೆಂದನು. ಆಧಾರವಾದುದಕ್ಕೆ ಅಧಿಕರಣವೆಂದು ಬೇರೆ ಹೆಸರಿಟ್ಟನು. ಈ ವಿಭಾಗವು ಎಲ್ಲೆಡೆಯೂ ನಿಲ್ಲುವುದೇ ಎಂದು ಪರೀಕ್ಷಿಸುವುದಕ್ಕೆ ಮನುಷ್ಯರಿಗಿಂತ ಲೋಹಗಳೇ ಮೇಲು, ಅವುಗಳಿಗೆ ಮಕ್ಕಳಿಲ್ಲ.

ಮನುಷ್ಯನ ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಹೀಮ್ ಎಂಬುದು, ಪಾರ್ಫಿರಿನ್ ಎಂಬ ಬಳೆಯಂತಹ ರಚನೆಯ ನಡುವೆ ಕುಳಿತ ಕಬ್ಬಿಣದ ಪರಮಾಣುವನ್ನುಳ್ಳ ವಸ್ತುವು. ಇದನ್ನು ಬರಿದಾಗಿ ನೀರಿನಲ್ಲಿ ಬಿಟ್ಟರೆ ಆಮ್ಲಜನಕವು ತಗುಲಿದೊಡನೆ ಕಬ್ಬಿಣವು ಕೆಟ್ಟು ನಿರುಪಯುಕ್ತವಾಗುವುದು. ಅದೇ ಹೀಮ್ ಹೀಮೊಗ್ಲೋಬಿನ್ನಿನ ಗುಳಿಯಲ್ಲಿ ಕುಳಿತು, ಕೆಳಗಿನಿಂದ ಹಿಸ್ಟಿಡೀನಿನ ಆಸರೆಯನ್ನು ಪಡೆದರೆ, ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು ಅಂಗಾಂಗಗಳಲ್ಲಿ ಬಿಟ್ಟುಕೊಡುವುದು. (ಅಲ್ಲಿಯೂ ದಿನದಿನವೂ ಸ್ವಲ್ಪ ಭಾಗವು ಕೆಡುವುದುಂಟು, ಅದನ್ನು ಸರಿಪಡಿಸಲು ಬೇರೊಂದು ಕಿಣ್ವವೇ ಇದೆ.) ಅದೇ ಹೀಮ್ ಕೆಟಲೇಸ್ ಎಂಬ ಕಿಣ್ವದಲ್ಲಿ ಟೈರೋಸೀನಿನ ಮೇಲೆ ಕುಳಿತು, ಹೈಡ್ರೋಜನ್ ಪೆರಾಕ್ಸೈಡೆಂಬ ಹಾನಿಕರ ವಸ್ತುವನ್ನು ನೀರು ಮತ್ತು ಆಮ್ಲಜನಕಗಳಾಗಿ ಒಡೆಯುವುದು. ಯಕೃತ್ತಿನ ಸೈಟೋಕ್ರೋಮ್ ಪಿ-450 ಕಿಣ್ವಗಳಲ್ಲಿಯಾದರೋ, ಸಿಸ್ಟೀನಿನ ಗಂಧಕವನ್ನು ಆಶ್ರಯಿಸಿ, ಆಮ್ಲಜನಕದ ಜೋಡಿಯನ್ನೇ ಸೀಳಿ, ಒಂದು ಪರಮಾಣುವನ್ನು ಔಷಧಾದಿಗಳ ಮೈಯೊಳಗೆ ಸೇರಿಸುವುದು. ಆಸರೆಯೊಂದರಿಂದಲೇ ಇಷ್ಟೆಲ್ಲ ಆಗುವುದಲ್ಲ, ಸುತ್ತಲಿನ ಗುಳಿಯ ಆಕಾರವೂ ಸೇರಬೇಕು. ಆದರೂ ಒಂದೇ ಕಬ್ಬಿಣವು ಒಂದೆಡೆ ವಾಹಕ, ಒಂದೆಡೆ ರಕ್ಷಕ, ಇನ್ನೊಂದೆಡೆ ಭೇದಕ!

ತಾಮ್ರದ ಸಂಗತಿಯು ಇನ್ನೂ ಸೂಕ್ಷ್ಮವಾದುದು. ಹಸುರೆಲೆಗಳಲ್ಲಿ ಎಲೆಕ್ಟ್ರಾನುಗಳನ್ನು ಸಾಗಿಸುವ ಪ್ಲಾಸ್ಟೋಸಯನಿನ್ ಎಂಬ ಪ್ರೋಟೀನಿನಲ್ಲಿ ತಾಮ್ರವಿದೆ. ಎಲೆಕ್ಟ್ರಾನನ್ನು ಪಡೆದಾಗ ತಾಮ್ರವು ಬಯಸುವ ಆಸನ ಒಂದು, ಕಳೆದುಕೊಂಡಾಗ ಬಯಸುವ ಆಸನ ಮತ್ತೊಂದು. ಪ್ರೋಟೀನು ಎರಡನ್ನೂ ಪೂರ್ತಿಯಾಗಿ ಕೊಡದೆ ನಡುವಣ ಭಂಗಿಯಲ್ಲಿಯೇ ಅದನ್ನು ಹಿಡಿದಿಡುವುದು. ಆದುದರಿಂದ ಪ್ರತಿಸಾರಿಯೂ ಎದ್ದು ಕುಳಿತುಕೊಳ್ಳುವ ಶ್ರಮವಿಲ್ಲದೆ ಕೆಲಸವು ಬೇಗನೆ ನಡೆಯುವುದು. ಇಂತಹ ಬಿಗುವಿನ ಸ್ಥಿತಿಯನ್ನು ವ್ಯಾಲಿ ಮತ್ತು ವಿಲಿಯಮ್ಸ್ ಎಂಬ ವಿದ್ವಾಂಸರು 1968ರಲ್ಲಿ ಪ್ರತಿಪಾದಿಸಿದರು. ತಾಮ್ರವನ್ನು ತೆಗೆದುಹಾಕಿದ ಪ್ಲಾಸ್ಟೋಸಯನಿನ್ನಿನ ರಚನೆಯು 1984ರಲ್ಲಿ ಪ್ರಕಟವಾದಾಗ, ಖಾಲಿಯಾದ ಪೀಠವು ಬಹುಮಟ್ಟಿಗೆ ಹಿಂದಿನ ಆಕಾರದಲ್ಲಿಯೇ ಇರುವುದು ಕಂಡುಬಂದಿತು. ಅಧಿಕರಣವೆಂಬುದು ಸುಮ್ಮನೆ ಹೊತ್ತಿರುವ ಮಣೆಯಲ್ಲ. ಇಲ್ಲಿ ಅದು ಕರ್ತೃವಿನ ಪಾಲಿಗೂ ಕೈಹಾಕಿದೆ.

ಆದರೆ ಇಷ್ಟರಿಂದಲೇ ಲೋಹವು ನಿಮಿತ್ತಮಾತ್ರವೆನ್ನುವುದು ಆತುರವು. ಹಾಗೆ ಒಪ್ಪಿದರೆ ಕಳ್ಳನು ತನ್ನ ಅಪರಾಧವನ್ನೆಲ್ಲ ಬೆಳೆದ ಬೀದಿಯ ಮೇಲೆ ಹೊರಿಸಿ ನಿಶ್ಚಿಂತನಾಗಿ ಮನೆಗೆ ಹೋದಾನು. ಸಜ್ಜನನಿಗೂ ತನ್ನದೆಂದು ಹೇಳಿಕೊಳ್ಳಲು ಏನೂ ಉಳಿಯದು. ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವನ್ನು ನೋಡಬೇಕು. ಅದರಲ್ಲಿ ಮೂರು ಹಿಸ್ಟಿಡೀನುಗಳು ಸತುವಿನ ಒಂದು ಪರಮಾಣುವನ್ನು ಹಿಡಿದಿರುವುವು. ಸತುವಿಗೆ ಅಂಟಿದ ನೀರು ತನ್ನ ಪ್ರೋಟಾನನ್ನು ಸುಲಭವಾಗಿ ತೊರೆದು ಇಂಗಾಲದ ಡೈಆಕ್ಸೈಡಿನ ಮೇಲೆ ಎರಗುವುದು. ಇದರ ವೇಗಶಾಲಿಯಾದ ಬಗೆಯೊಂದರಲ್ಲಿ ಒಂದೊಂದು ಅಣುವೂ ಸೆಕೆಂಡಿಗೆ ಸುಮಾರು 10 ಲಕ್ಷ ಸಾರಿ ಈ ಕೆಲಸವನ್ನು ಮಾಡಬಲ್ಲುದು. ಸತುವನ್ನು ತೆಗೆದರೆ ಕೆಲಸವು ನಿಂತಿತು. ಅದರ ಸ್ಥಾನದಲ್ಲಿ ಕೋಬಾಲ್ಟನ್ನು ಕೂರಿಸಿದರೆ ಮತ್ತೆ ನಡೆಯುವುದು. ತಾಮ್ರವನ್ನು ಕೂರಿಸಿದರೋ, ಪೀಠವು ಅದೇ, ಹಿಡಿದ ಮೂರು ಕೈಗಳೂ ಅವೇ. ಕೆಲಸ ಮಾತ್ರ ನಡೆಯದು.